ಕಾಕಾ ಸಹಿ ಹಾಕದ ಅರ್ಜಿ

ಹೋದ ಗುರುವಾರ ಏನೋ ಕೆಲಸದ ಮೇಲೆ ಡೌನ್‌ಟೌನಿಗೆ ಹೋಗಿದ್ದೆ. ಸಂಜೆ ವಾಪಸು ಬರುವಾಗ ಸ್ಟೌಫ್‌ವಿಲ್ ರೈಲಿನಲ್ಲಿ ಒಬ್ಬಾತ ನನ್ನೆದುರಿಗೆ ಬಂದು ಕೂತ. ತೊಡೆಯ ಮೇಲೆ ಊಟದ ಡಬ್ಬಿ, ಕಾಲಲ್ಲಿ ಹಳೆಯ ಚರ್ಮದ ಬೂಟು. ಬೂಟಿಗೆ ಹೊಸದಾಗಿ ಮೇಣ ತಿಕ್ಕಿದ್ದನೆಂದು ಕಾಣುತ್ತದೆ. ಸೀಟಿನ ಕೆಳಗಿನ ಹೀಟರಿನ ಶಾಖಕ್ಕೆ ಜೇನುಮೇಣ, ಎಣ್ಣೆ, ಒದ್ದೆ ಚರ್ಮ ಮೂರೂ ಬೆರೆತ ವಾಸನೆ ಮೆಲ್ಲಗೆ ಎದ್ದಿತು. ಓದುತ್ತಿದ್ದ ಫೋನನ್ನು ಜೇಬಿಗೆ ಹಾಕಿದೆ. ಹತ್ತು ವರ್ಷಗಳ ಹಿಂದಿನ ಒಂದು ಗರಾಜು, ಅದರ ಮೂಲೆಯ ಸ್ಟೂಲು, ಬೂಟಿನೊಳಗೆ ಎಡಗೈ ತೂರಿಸಿ ಬಲಗೈಯಲ್ಲಿ ಮೇಣ ತಿಕ್ಕುತ್ತಿದ್ದ ಕಾಕಾ…

ಆಗ ನಾನು ಕೆನಡಾದ ಈ ಸ್ಟೌಫ್‌ವಿಲ್ ಎಂಬ ಸಣ್ಣ ಊರಿಗೆ ಬಂದು ಎರಡು ತಿಂಗಳಾಗಿತ್ತು. ಹೆಂಡತಿ ಮಗಳನ್ನು ಕರೆದುಕೊಂಡು ಬೇರೆ ಹೋಗಿದ್ದಳು. ವಿಟ್ಬಿಯ ಮನೆ ಮಾರಿ, ಇಲ್ಲಿನ ಹಳೇ ಬೀದಿಯೊಂದರಲ್ಲಿ ಬೇಸ್‌ಮೆಂಟು ಹಿಡಿದಿದ್ದೆ. ಒಶಾವಾ ಕಡೆ ಕಾರಿನ ಬಿಡಿಭಾಗ ಮಾಡುವ ಒಂದು ಕಾರ್ಖಾನೆಯಲ್ಲಿ ಕ್ವಾಲಿಟಿ ಇಂಜಿನಿಯರ್ ಕೆಲಸ. ವಾರದ ಐದು ದಿನ ಹೇಗೋ ಕಳೆಯುತ್ತಿತ್ತು. ಮಗಳು ಎರಡು ವಾರಕ್ಕೊಮ್ಮೆ ಬರುತ್ತಿದ್ದಳು. ಅವಳು ಬಾರದ ಶನಿವಾರಗಳಲ್ಲಿ ಮಾತ್ರ ಗಡಿಯಾರ ಮುಂದೆ ಹೋಗುತ್ತಿರಲಿಲ್ಲ. ಅಂಥದೊಂದು ಶನಿವಾರ ಬೆಳಿಗ್ಗೆ, ನೆಲದ ಮಟ್ಟಕ್ಕಿದ್ದ ನನ್ನ ಪುಟ್ಟ ಕಿಟಕಿಯಾಚೆ ನಾಯಿಯೊಂದು ರಾಗ ತೆಗೆದು ಊಳಿಡತೊಡಗಿತು. ಹಿಂದೆಯೇ ಒಂದು ಗಂಡುದನಿ ಕೇಳಿಸಿತು.

“ಏ ಕೆಂಚೀ, ಸುಮ್ನಿರ ಬೇ! ಓಣಿ ಮಂದಿ ಏನಂದಾರು?”

ನಾನು ಚಪ್ಪಲಿಯನ್ನೂ ಹಾಕದೆ ಮೆಟ್ಟಿಲು ಹತ್ತಿ ಓಡಿದೆ. ಎಪ್ಪತ್ತು ದಾಟಿದ ಒಬ್ಬರು ನಿಂತಿದ್ದರು. ತಲೆಗೆ ಕಿತ್ತಳೆ ಬಣ್ಣದ ಟೋಪಿ, ಕೈಯಲ್ಲಿ ಹಗ್ಗ, ಹಗ್ಗದ ತುದಿಗೆ ಗಿಡ್ಡ ಕಾಲಿನ, ಜೋಲುಕಿವಿಯ ಬೀಗಲ್ ನಾಯಿ.

“ಕನ್ನಡದವರಾ ಅಂಕಲ್?” ಅಂದೆ.

ಅವರು ನನ್ನ ಬರಿಗಾಲು ನೋಡಿದರು. “ಅಂಕಲ್ ಅಂದ್ರ ಯಾರೋ ಬ್ಯಾರೇದವ್ರು ಅನಸ್ತೈತ್ರಿ. ಕಾಕಾ ಅನ್ರಿ. ಮೊದಲ ಒಳಗ ಹೋಗಿ ಕಾಲಿಗೇನರ ಹಾಕ್ಕೊಂಡ್ ಬರ್ರಿ.”

ನಮ್ಮ ಮನೆಯಿಂದ ಎರಡು ಮನೆ ಆಚೆ ಅವರದು. ಹುಟ್ಟಿದ್ದು ಮುಧೋಳದ ಹತ್ತಿರದ ಹಳ್ಳಿ. ಚಿಕ್ಕಂದಿನಲ್ಲಿ ತಂದೆಯ ಜೊತೆ ಮುಧೋಳ ನಾಯಿಗಳನ್ನು ಬಿಟ್ಟು ಮೊಲ ಹಿಡಿದವರು. ಇಪ್ಪತ್ತೈದನೇ ವಯಸ್ಸಿಗೆ ಕೆನಡಾಕ್ಕೆ ಬಂದು ಒಶಾವಾದಲ್ಲಿ ಟೂಲ್ ಮೇಕರ್ ಆಗಿ ದುಡಿದು ರಿಟೈರಾಗಿದ್ದರು. ಹೆಂಡತಿ ತೀರಿಕೊಂಡು ಆರು ವರ್ಷವಾಗಿತ್ತು. ಮಗಳು ಕ್ಯಾಲ್ಗರಿಯಲ್ಲಿದ್ದಳು. ಊರಿನ ಉತ್ತರಕ್ಕೆ ಪರಿಚಯದ ರೈತನೊಬ್ಬನ ಹೊಲ, ಕುರುಚಲು ಕಾಡು ಇತ್ತು. ಅಲ್ಲಿ ಶನಿವಾರ ಕೆಂಚಿಯನ್ನು ಬಿಟ್ಟು ಮೊಲ ಹೊಡೆಯುತ್ತಿದ್ದರು. ರೈತನ ಕೋಳಿಗೂಡಿಗೆ ನುಗ್ಗುವ ಕೆಂಪು ನರಿಗಳನ್ನೂ ಹೊಡೆಯುತ್ತಿದ್ದರು.

ನಾನು ಮೈಸೂರಿನವನು. ಬಂದೂಕನ್ನು ದಸರಾ ಮೆರವಣಿಗೆಯ ಪೊಲೀಸರ ಹೆಗಲ ಮೇಲೆ ಬಿಟ್ಟರೆ ಎಲ್ಲೂ ನೋಡಿದವನಲ್ಲ. ಮನೆಗೆ ಮೊಟ್ಟೆಯೂ ಬರುತ್ತಿರಲಿಲ್ಲ. ಆದರೂ ಕಾಕಾ ಮನೆಯ ಆ ಗರಾಜು ನನ್ನನ್ನು ಸೆಳೆಯಿತು. ಶನಿವಾರಕ್ಕೊಂದು ಜಾಗ ಸಿಕ್ಕಿತಲ್ಲ, ಅಷ್ಟೇ ಸಾಕಾಗಿತ್ತು. “ನಂಗೂ ಕಲಿಸಿ ಕಾಕಾ” ಎಂದಾಗ ಅವರು ನಗಲಿಲ್ಲ. ಕಲಿಸುವುದೆಂದರೆ ಅವರಿಗೆ ಆರಿಸುವುದನ್ನು ಕಲಿಸುವುದು. ಅದಕ್ಕೊಂದು ಕ್ರಮವೂ ಇತ್ತು.

“ಮೊದಲ ಬೂಟು. ಆಮ್ಯಾಲ ನಾಯಿ. ಬಂದೂಕು ಕಡೀಕ” ಅಂದರು. “ಎಲ್ಲಾರೂ ಬಂದೂಕು ತಗೊಂಡ್ ಬರ್ತಾರ, ಕಾಲು ಒದ್ದಿ ಮಾಡ್ಕೊಂಡ್ ಒಂದ್ ತಾಸಿಗೆ ಮನಿಗೆ ಹೋಗ್ತಾರ.”

ಬೂಟು ಆರಿಸಲು ಎರಡು ಶನಿವಾರ ಹಿಡಿಯಿತು. ದಪ್ಪ ಉಣ್ಣೆಯ ಕಾಲುಚೀಲ ಹಾಕಿಕೊಂಡೇ ಅಳತೆ ನೋಡಬೇಕು, ಸಂಜೆ ಕಾಲು ಊದಿದ ಮೇಲೆ ನೋಡಬೇಕು, ಇಳಿಜಾರಿನಲ್ಲಿ ಬೆರಳು ಮುಂದಕ್ಕೆ ತಾಗಬಾರದು. ಅಂಗಡಿಯ ಇಳಿಜಾರು ಹಲಗೆಯ ಮೇಲೆ ನನ್ನನ್ನು ಹತ್ತಿಸಿ ಇಳಿಸಿ, ಅಂಗಡಿಯವನಿಗೆ ಸಾಕೋ ಸಾಕು ಮಾಡಿದರು. ಕೈಗವಸಿನಲ್ಲಿ ತೋರುಬೆರಳಿನ ತುದಿ ಬಿಚ್ಚಿಕೊಳ್ಳುವಂಥದನ್ನೇ ಆರಿಸಿದರು. ಅಂಗಿ ಉಜ್ಜಿದರೆ ಸದ್ದು ಬರುತ್ತದೆಯೇ ಎಂದು ನನ್ನ ತೋಳನ್ನು ತಮ್ಮ ಕಿವಿಯ ಹತ್ತಿರ ಹಿಡಿದು ಕೇಳಿದರು. ಆಮೇಲೆ ನಾಯಿಯ ಪಾಠ. ಮುಧೋಳ ನಾಯಿ ಕಣ್ಣಿನಿಂದ ಬೇಟೆಯಾಡುತ್ತದೆ, ಬಯಲಿನಲ್ಲಿ ಕಂಡಿದ್ದನ್ನು ಓಡಿ ಹಿಡಿಯುತ್ತದೆ. ಇಲ್ಲಿನ ಪೊದೆಗಳಲ್ಲಿ ಕಣ್ಣಿಗೇನು ಕೆಲಸ? ಇಲ್ಲಿ ಮೂಗು ಬೇಕು. ಬೀಗಲ್ ಕಾಲಿನಲ್ಲಿ ನಿಧಾನ, ಆದರೆ ಮೊಲದ ಜಾಡು ಬಿಡುವುದಿಲ್ಲ. ಕೂಗುತ್ತಾ ಬೆನ್ನು ಹತ್ತುತ್ತದೆ, ಮೊಲ ದೊಡ್ಡ ಸುತ್ತು ಹಾಕಿ ಹೊರಟಲ್ಲಿಗೇ ಬರುತ್ತದೆ. ಬೇಟೆಗಾರ ಅಲ್ಲಿ ಅಲ್ಲಾಡದೆ ನಿಂತಿದ್ದರೆ ಸಾಕು. ಕೆಂಚಿ ದೂರದಲ್ಲಿ ಕೂಗುತ್ತಿದ್ದರೆ ಕಾಕಾ ಬೆರಳೆತ್ತಿ, “ಕೇಳು, ಈಗ ಜಾಡು ಹಳೇದಾತು… ಈಗ ಮತ್ತ ಸಿಕ್ಕಿತು” ಎನ್ನುತ್ತಿದ್ದರು. ನನಗೆ ಎರಡೂ ಒಂದೇ ಥರ ಕೇಳಿಸುತ್ತಿತ್ತು.

ಕೊನೆಗೆ ಬಂದೂಕು. ಕಬ್ಬಿಣದ ಬೀರುವಿನಲ್ಲಿ ಅವರವು ಮೂರಿದ್ದವು, ಮೂರಕ್ಕೂ ಬೀಗ. ತೋಟಾ ಬೇರೆ ಪೆಟ್ಟಿಗೆಯಲ್ಲಿ, ಅದಕ್ಕೆ ಬೇರೆ ಬೀಗ. ಮೊಲಕ್ಕೆ ಸಣ್ಣ ಗುಂಡಿನ ಟ್ವೆಂಟಿ ಟೂ ರೈಫಲ್, ಪೊದೆಯಿಂದ ದಿಢೀರನೆ ಏಳುವುದಕ್ಕೆ ಚರೆ ಹಾರಿಸುವ ಷಾಟ್‌ಗನ್, ನರಿಗೆ ಇನ್ನೂ ಬಿರುಸಾದ ಟೂ ಟ್ವೆಂಟಿ ಥ್ರೀ ರೈಫಲ್. “ನರಿಗೆ ಸಣ್ಣ ಗುಂಡು ಸಾಲೂದಿಲ್ಲ. ಗಾಯಾಗಿ ಪೊದ್ಯಾಗ ಹೋಗಿ ಮೂರ್ ದಿನ ನಳ್ಳಾಡಿ ಸಾಯ್ತೈತಿ. ಕೊಲ್ಲೂದಾದ್ರ ನೆಟ್ಟಗ ಕೊಲ್ಲಬೇಕು, ಇಲ್ಲಾಂದ್ರ ಬಿಡಬೇಕು.” ನಾನು ಅದನ್ನು ಡೈರಿಯಲ್ಲಿ ಬರೆದುಕೊಂಡೆ.

ಇಲ್ಲಿ ಬೇಟೆಯ ಪರವಾನಗಿ ಬೇರೆ, ಬಂದೂಕಿನದು ಬೇರೆ. ಒಶಾವಾದಲ್ಲಿ ಎರಡಕ್ಕೂ ತರಗತಿಗೆ ಹೋಗಿ ಪಾಸಾದೆ. ಬೇಟೆಯದು ಬೇಗನೆ ಕೈಸೇರಿತು. ಬಂದೂಕಿನದಕ್ಕೆ ಉದ್ದನೆಯ ಅರ್ಜಿ. ನಮ್ಮನ್ನು ಬಲ್ಲವರಿಬ್ಬರು ಅದಕ್ಕೆ ಸಹಿ ಹಾಕಬೇಕು. ಒಬ್ಬ ಸಹೋದ್ಯೋಗಿ ಓದದೆಯೇ ಹಾಕಿದ. ಅಕ್ಟೋಬರಿನ ಒಂದು ಮಧ್ಯಾಹ್ನ ಅರ್ಜಿಯನ್ನು ಕಾಕಾ ಮುಂದಿಟ್ಟೆ. ಅವರು ಮೇಣದ ಕೈ ಒರೆಸಿಕೊಂಡು, ಕನ್ನಡಕ ಹಾಕಿಕೊಂಡು, ಮೊದಲ ಹಾಳೆಯಿಂದ ಓದತೊಡಗಿದರು. ಎರಡನೆಯ ಹಾಳೆಯಲ್ಲಿ ಅವರ ಬೆರಳು ನಿಂತಿತು. ಕಳೆದ ಎರಡು ವರ್ಷಗಳಲ್ಲಿ ಗಂಡ ಹೆಂಡತಿ ಬೇರೆಯಾದದ್ದು ಇದೆಯೇ ಎಂದು ಅಲ್ಲಿ ಕೇಳಿದ್ದರು. ನಾನು ‘ಇಲ್ಲ’ಕ್ಕೆ ಗುರುತು ಹಾಕಿದ್ದೆ.

“ಇದು ಸುಳ್ಳು” ಅಂದರು.

“ಅದೆಲ್ಲಾ ಬರೆದ್ರೆ ಸುಮ್ನೆ ಡಿಲೇ ಮಾಡ್ತಾರೆ ಕಾಕಾ.”

“ಮಾಡ್ಲಿ. ಅದಕ್ಕ ಕೇಳ್ಯಾರ.” ಕನ್ನಡಕ ತೆಗೆದು ನನ್ನನ್ನು ನೋಡಿದರು. “ನೀ ನಾಯಿ ವಿಚಾರ ಕೇಳೂದು ಬಿಟ್ಟು ಒಂದ್ ತಿಂಗಳಾತು. ನರಿ ವಿಚಾರನೂ ಇಲ್ಲ. ಬರೇ ಬಂದೂಕು ಯಾವಾಗ ಬರತೈತಿ, ಬಂದೂಕು ಯಾವಾಗ ಬರತೈತಿ. ರಾತ್ರಿ ನಿದ್ದಿ ಬರತೈತೇನು?”

ನಾನು ಪೆನ್ನನ್ನು ಅವರ ಮುಂದಿಟ್ಟೆ. ಅವರು ಅರ್ಜಿಯನ್ನು ಮಡಚಿ ನನ್ನ ಕಡೆ ಸರಿಸಿದರು. “ಈ ವರ್ಷ ನಾ ಸಹಿ ಹಾಕೂದಿಲ್ಲ.”

“ನಾನೇನು ಸಾಯಕ್ಕೆ ಹೊರಟಿದೀನಿ ಅಂದ್ಕೊಂಡ್ರಾ?” ನನ್ನ ದನಿ ನನಗೇ ಜೋರಾಗಿ ಕೇಳಿಸಿತು.

“ನನಗ ಗೊತ್ತಿಲ್ಲ. ನಿನಗೂ ಗೊತ್ತಿಲ್ಲ.” ಅವರ ದನಿ ಏರಲಿಲ್ಲ. “ನಮ್ಮಾಕಿ ತೀರಿಕೊಂಡ ವರ್ಷ ನಾನೂ ಈ ಮೂರೂ ಒಯ್ದು ಆ ರೈತನ ಕಡೆ ಇಟ್ಟಿದ್ದೆ. ಮನ್ಯಾಗ ಇಟ್ಟಿದ್ದಿಲ್ಲ. ನಾಚಗಿ ಪಡೂ ಮಾತಲ್ಲ ತಮ್ಮಾ.”

ನಾನು ಅರ್ಜಿ ಕಿತ್ತುಕೊಂಡು ಹೊರಟೆ. ಯಾರದೋ ಅಪ್ಪಣೆಗೆ ಕೈಚಾಚಿ ನಿಲ್ಲಬೇಕಾದ ಅವಮಾನಕ್ಕೆ ಕಿವಿ ಬಿಸಿಯಾಗಿತ್ತು. ಮನೆಗೆ ಬಂದು ಹಾಸಿಗೆಯ ಮೇಲೆ ಕೂತಾಗ ಮಾತ್ರ, ಅವರು ಹೇಳಿದ್ದು ನಿಜ ಎಂದು ತಿಳಿಯಿತು. ನಾನು ಬಂದೂಕಿಗಾಗಿ ಕಾಯುತ್ತಿದ್ದೆ. ಯಾಕೆ ಎಂದು ನನ್ನನ್ನು ನಾನೇ ಕೇಳಿಕೊಂಡಿರಲಿಲ್ಲ, ಅಷ್ಟೇ.

ಒಂಬತ್ತು ದಿನ ಆ ಕಡೆ ತಲೆ ಹಾಕಲಿಲ್ಲ. ನಾಯಿಯ ಕೂಗು ಕೇಳಿದರೆ ಟೀವಿ ಜೋರು ಮಾಡುತ್ತಿದ್ದೆ. ಹತ್ತನೆಯ ದಿನ ಬೆಳಿಗ್ಗೆ ಕಿಟಕಿಯ ಗಾಜಿಗೆ ಒದ್ದೆ ಮೂಗೊಂದು ಒತ್ತಿಕೊಂಡಿತ್ತು. ಬಾಗಿಲು ತೆಗೆದರೆ ಕಾಕಾ.

“ಮೊಣಕಾಲು ನೂಸಾಕತ್ತೈತಿ. ನಾಯಿ ಹಿಡ್ಯಾಕ ಒಬ್ರು ಬೇಕು. ಬೂಟ್ ಹಾಕ್ಕೋ.”

ಸಹಿಯ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಆ ಚಳಿಗಾಲವೆಲ್ಲ ಶನಿವಾರ ಶನಿವಾರ ನಾನು ನಾಯಿ ಹಿಡಿದೆ, ಅವರು ಬಂದೂಕು ಹಿಡಿದರು. ಮೊಣಕಾಲು ನೋಯುತ್ತಿದೆ ಎಂದವರು ಹಿಮದಲ್ಲಿ ನನಗಿಂತ ಮುಂದೆಯೇ ನಡೆಯುತ್ತಿದ್ದರು. ಜನವರಿಯಲ್ಲಿ ಒಂದು ದಿನ ರೈತನ ಕೋಳಿಗಳಲ್ಲಿ ನಾಲ್ಕು ಹೋಗಿದ್ದವು. ಬೇಲಿಯ ಅಂಚಿನಲ್ಲಿ ಒಂದೂವರೆ ತಾಸು ಕೂತೆವು. ನರಿ ಬಂತು. ಬಿಸಿಲಿಗೆ ಬೆಂಕಿಯ ಬಣ್ಣ. ಹಿಮದೊಳಗಿನ ಇಲಿಯ ಸದ್ದಿಗೆ ಕಿವಿ ನಿಮಿರಿಸಿ ನಿಂತಿತು. ಕಾಕಾ ಒಂದೇ ಗುಂಡು ಹೊಡೆದರು. ಅದು ನಿಂತಲ್ಲೇ ಬಿತ್ತು, ಕಾಲು ಕೂಡ ಆಡಿಸಲಿಲ್ಲ.

ಹತ್ತಿರ ಹೋಗಿ ನೋಡಿದೆ. ಮೀಸೆಯ ಮೇಲಿನ ಹಿಮ ಇನ್ನೂ ಕರಗಿರಲಿಲ್ಲ. ನನಗೆ ಅಳು ಬಂತು. ಬರೀ ಕಣ್ಣೀರಲ್ಲ, ಗಟ್ಟಿಯಾಗಿ, ಮೈಯೆಲ್ಲ ಅಲ್ಲಾಡುವಂತೆ… ಮಂಡಿಯೂರಿ ಅತ್ತೆ. ಮನೆ ಖಾಲಿ ಮಾಡಿದ ದಿನವೂ ಹಾಗೆ ಅತ್ತಿರಲಿಲ್ಲ. ಕಾಕಾ ಬಂದೂಕು ಖಾಲಿ ಮಾಡಿ, ನನಗೆ ಬೆನ್ನು ಹಾಕಿ ಕುಳಿತು, ಕೆಂಚಿಯ ಪಾದದ ಬೆರಳುಗಳ ಮಧ್ಯೆ ಕಟ್ಟಿದ್ದ ಹಿಮದ ಉಂಡೆಗಳನ್ನು ಒಂದೊಂದಾಗಿ ಬಿಡಿಸುತ್ತಿದ್ದರು. ನಾನು ಸುಮ್ಮನಾದ ಮೇಲೆ, “ಸೋಮವಾರ ಡಾಕ್ಟರ್ ಕಡೆ ಹೋಗೂಣು. ಕಾರ್ ನಾ ತರ್ತೀನಿ” ಅಂದರು. ತಂದರು. ವೇಟಿಂಗ್ ರೂಮಿನಲ್ಲಿ ಎರಡು ಗಂಟೆ ಹಳೇ ಪತ್ರಿಕೆ ಓದುತ್ತಾ ಕೂತರು. ಮುಂದಿನ ಬಾರಿಯೂ, ಅದರ ಮುಂದಿನ ಬಾರಿಯೂ.

ಎರಡು ವರ್ಷದ ನಂತರ ಹೊಸ ಅರ್ಜಿಯನ್ನು ಅವರೇ ತಂದು, ‘ಕಳೆದ ಎರಡು ವರ್ಷಗಳಲ್ಲಿ’ ಎಂಬ ಅದೇ ಪ್ರಶ್ನೆಯ ಮೇಲೆ ಬೆರಳಿಟ್ಟರು. “ಈಗ ಇಲ್ಲಿ ‘ಇಲ್ಲ’ ಅಂತ ಬರಿ. ಈಗ ಅದು ಖರೇ ಐತಿ.” ಮನಸ್ಸಿನ ಕಾಯಿಲೆಗೆ ಚಿಕಿತ್ಸೆ ಪಡೆದದ್ದು ಇದೆಯೇ ಎಂದು ಕೇಳಿದ್ದ ಕಡೆ ‘ಹೌದು’ ಎಂದು ಬರೆದು ಡಾಕ್ಟರ ಪತ್ರ ಲಗತ್ತಿಸಿದೆ. ಕಾಕಾ ಎಲ್ಲ ಓದಿ, ದೊಡ್ಡ ಅಕ್ಷರದಲ್ಲಿ ಸಹಿ ಹಾಕಿದರು. ತಡವಾದರೂ ಪರವಾನಗಿ ಬಂತು.

ನಾವಿಬ್ಬರೂ ಬಂದೂಕು ಹಿಡಿದು ಹೊಲದಲ್ಲಿ ನಿಂತದ್ದು ಎರಡೇ ಚಳಿಗಾಲ. ಮೂರನೆಯದರ ಹೊತ್ತಿಗೆ ಕಾಕಾ ಮರೆಯತೊಡಗಿದ್ದರು. ಮೂವತ್ತು ವರ್ಷ ಓಡಾಡಿದ ರಸ್ತೆಯಲ್ಲಿ ಕಾರು ನಿಲ್ಲಿಸಿ, ಎಡಕ್ಕೋ ಬಲಕ್ಕೋ ಎಂದು ನನ್ನನ್ನು ಕೇಳಿದರು. ಒಮ್ಮೆ ರೈಫಲ್ಲನ್ನು ರೈತನ ಬೇಲಿಗೆ ಒರಗಿಸಿ ಹಾಗೇ ಮನೆಗೆ ಬಂದುಬಿಟ್ಟರು. ನಾನು ಕಾರು ತೆಗೆದುಕೊಂಡು ಹೋಗಿ ತಂದೆ. ಮಾರನೆಯ ದಿನವೇ ನನ್ನನ್ನು ಗರಾಜಿಗೆ ಕರೆದರು. ಬೀರುವಿನ ಬಾಗಿಲು ತೆರೆದಿತ್ತು.

“ಈ ಮೂರೂ ನಿನ್ನ ಹೆಸರಿಗೆ ಮಾಡ್ಕೋ. ನನ್ನ ಮನ್ಯಾಗ ಇನ್ನ ಬ್ಯಾಡ.”

“ಇನ್ನೊಂದಷ್ಟು ದಿನ ಇರ್ಲಿ ಕಾಕಾ. ಬೀಗದ ಕೈ ನಾನು ಇಟ್ಕೋತೀನಿ.”

“ಬ್ಯಾಡ. ತಲಿ ನೆಟ್ಟಗ ಇದ್ದಾಗ ಹೇಳಾಕತ್ತೀನಿ, ಕೇಳು. ನಾಳೆ ನಾನ ಬಂದು ವಾಪಸ್ ಕೊಡು ಅಂತ ಬೈದ್ರೂ ಕೊಡಬ್ಯಾಡ.” ಬೀರುವಿನ ಬಾಗಿಲು ಮುಚ್ಚುತ್ತಾ, “ಅವತ್ತು ಸಹಿ ಹಾಕಲಿಲ್ಲಂತ ಸಿಟ್ಟು ಐತೇನು ಇನ್ನೂ?” ಎಂದು ಕೇಳಿದರು.

“ಇಲ್ಲ ಕಾಕಾ” ಅಂದೆ.

ಕಾಗದಪತ್ರ ಮುಗಿಸಿ ಮೂರನ್ನೂ ತಂದೆ. ಅವರು ಹೇಳಿದಂತೆಯೇ ಆಯಿತು. ಎರಡು ಸಲ ನನ್ನ ಬಾಗಿಲಿಗೆ ಬಂದು, ಕಳ್ಳ ಎಂದು ಬೈದು ಹೋದರು. ಕೊಡಲಿಲ್ಲ. ಮರುವರ್ಷ ಅವರ ಮಗಳು ಕ್ಯಾಲ್ಗರಿಯಿಂದ ಬಂದು ಅವರನ್ನು ವಿಟ್ಬಿಯ ವೃದ್ಧಾಶ್ರಮವೊಂದರಲ್ಲಿ ಸೇರಿಸಿದಳು, ಮನೆ ಮಾರಾಟವಾಯಿತು. ಕೆಂಚಿ ನನ್ನ ಬೇಸ್‌ಮೆಂಟಿಗೆ ಬಂದಳು. ಶನಿವಾರ ಅವಳನ್ನೂ ಕರೆದುಕೊಂಡು ನೋಡಲು ಹೋಗುತ್ತಿದ್ದೆ. ಆಮೇಲೊಂದು ಬೇಸಿಗೆಯಲ್ಲಿ ಕೆಂಚಿ ತೀರಿಕೊಂಡಳು. ಅದನ್ನು ಕಾಕಾಗೆ ಹೇಳಲಿಲ್ಲ.

ಕಡೆಯ ಸಲ ಹೋದಾಗ ಅವರು ಕಿಟಕಿಯ ಪಕ್ಕ ಕೂತಿದ್ದರು. ನಾನು ಕನ್ನಡದಲ್ಲಿ ಮಾತಾಡಿಸಿದ್ದಕ್ಕೆ ಮುಖ ಅರಳಿತು. ಗುರುತು ಮಾತ್ರ ಹತ್ತಲಿಲ್ಲ.

“ಕನ್ನಡದವ್ರೇನ್ರಿ? ಎಲ್ಲಿರ್ತೀರಿ?”

“ಸ್ಟೌಫ್‌ವಿಲ್‌ನಲ್ಲಿ.”

“ಒಬ್ಬರ ಇರ್ತೀರೇನು?”

ಹೌದು ಅಂದೆ. ಅವರು ನನ್ನ ಮುಂಗೈ ಹಿಡಿದುಕೊಂಡರು. “ಹಂಗ ಒಬ್ಬರ ಇರಬಾರದ್ರಿ. ಶನಿವಾರ ನಮ್ಮನಿಗೆ ಬರ್ರಿ. ನಾಯಿ ಐತಿ, ಅಡ್ಡ್ಯಾಡಿ ಬರೂಣು.”

“ಬರ್ತೀನಿ ಕಾಕಾ” ಅಂದೆ.

ಅವರು ಹೋಗಿ ಈಗ ಎರಡು ಚಳಿಗಾಲ ಕಳೆದಿವೆ. ಬಂದೂಕುಗಳನ್ನು ಆ ರೈತನ ಮಗನಿಗೆ ಕೊಟ್ಟುಬಿಟ್ಟೆ. ನನ್ನ ಮಗಳು ಈಗ ಯೂನಿವರ್ಸಿಟಿಯಲ್ಲಿದ್ದಾಳೆ, ಭಾನುವಾರ ಫೋನ್ ಮಾಡುತ್ತಾಳೆ. ನಾನು ಕನ್ನಡದಲ್ಲಿ ಕೇಳುತ್ತೇನೆ, ಅವಳು ಇಂಗ್ಲಿಷಿನಲ್ಲಿ ಉತ್ತರಿಸುತ್ತಾಳೆ. ನಾನು ಚೆನ್ನಾಗಿದ್ದೇನೆ, ನಿದ್ದೆಯೂ ಬರುತ್ತದೆ. ಶನಿವಾರ ಬೆಳಿಗ್ಗೆ ಮಾತ್ರ ಬೇಗ ಎಚ್ಚರವಾಗಿಬಿಡುತ್ತದೆ. ಎದ್ದು ಚಹಾ ಮಾಡಿಕೊಂಡು, ಕುಡಿದು, ಲೋಟ ತೊಳೆದಿಟ್ಟು, ಇನ್ನೇನು ಮಾಡುವುದೆಂದು ತಿಳಿಯದೆ ಮತ್ತೆ ಬಂದು ಮಲಗುತ್ತೇನೆ.