ಎರಡನೇ ಭಾಗದ ಕೊನೆಯ ಹಾಡು

ನಮ್ಮ ಸಂಗೀತ ನಾಟಕದ ಎರಡನೇ ಭಾಗ ಒಟ್ಟು ಮೂರು ಪ್ರಯೋಗ ಕಂಡಿತು. ಅದರ ಕೊನೆಯ ಹಾಡನ್ನು ಇವತ್ತಿನವರೆಗೆ ಯಾರೂ ಪೂರ್ತಿ ಕೇಳಿಲ್ಲ. ಬರೆದವನು ನಾನು, ರಾಗ ಹಾಕಿದವನು ನಾನು, ಮೂರೂ ಸಲ ಹಾರ್ಮೋನಿಯಂ ಮುಂದೆ ಕೂತವನೂ ನಾನೇ. ಗೋಕಾಕದ ಹೈಸ್ಕೂಲಿನಲ್ಲಿ ಕನ್ನಡ ಕಲಿಸುವ ಒಬ್ಬ ಮಾಸ್ತರನಿಗೆ ಇಷ್ಟು ಅವಮಾನ ಸಾಕಾಗಿತ್ತು.

ಮೊದಲ ಭಾಗದಲ್ಲಿ ಹೊಸದೇನೂ ಇರಲಿಲ್ಲ. ಬಡ ಹುಡುಗಿ, ದೊಡ್ಡ ಮನೆಯ ಹುಡುಗ, ಹದಿನಾರು ಹಾಡು, ಕೊನೆಗೆ ಮದುವೆ. ಆದರೂ ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಜನ ಅದನ್ನು ಹುಚ್ಚು ಹಿಡಿದವರಂತೆ ನೋಡಿದರು. ಮದುವೆಯ ಹಾಡು ಎಲ್ಲರ ಮೊಬೈಲಿನಲ್ಲಿ ರಿಂಗಾಗತೊಡಗಿತು. ನಮ್ಮ ಹೆಡ್ ಮಾಸ್ತರರ ಕಿಸೆಯಲ್ಲಿ ಅದು ಶೋಕಸಭೆಯ ನಡುವೆ ರಿಂಗಾಯಿತು, ಅವರು ಕಟ್ ಮಾಡದೆ ಪಲ್ಲವಿ ಮುಗಿಯುವವರೆಗೆ ಬಿಟ್ಟರು.

ಕೌಜಲಗಿಯಲ್ಲಿ ಮಾತ್ರ ಒಂದು ಹೆಜ್ಜೆ ಮುಂದೆ ಹೋದರು. ಮದುವೆಯ ದೃಶ್ಯಕ್ಕೆ ನಾವು ಪ್ರೇಕ್ಷಕರಿಗೆಲ್ಲ ಅಕ್ಕಿಕಾಳು ಹಂಚುತ್ತಿದ್ದೆವು. ಅಲ್ಲಿಯ ಹೆಣ್ಣುಮಕ್ಕಳು ಅಕ್ಕಿಕಾಳು ಹಾಕಿ ಸುಮ್ಮನೆ ಕೂರಲಿಲ್ಲ. ಸ್ಟೇಜ್ ಹತ್ತಿ, ಕೊಬ್ಬರಿ, ಉತ್ತತ್ತಿ, ಅರಿಶಿನ ಬೇರು, ಖಣ ಹಾಕಿ ನಾಯಕಿಗೆ ಖರೆಖರೆ ಉಡಿ ತುಂಬಿದರು. ದೊಡ್ಡ ರುಮಾಲಿನ ಒಬ್ಬ ಹಿರಿಯರು ತಂದೆಯ ಜಾಗದಲ್ಲಿ ನಿಂತು, ಆಕೆಯ ಕೈಯನ್ನು ವರನ ಕೈಯಲ್ಲಿಟ್ಟು, ಮಗಳನ್ನು ಒಪ್ಪಿಸಿಕೊಟ್ಟು ಕಣ್ಣೊರೆಸಿಕೊಂಡರು. ನಾವು ಫೋಟೊ ತೆಗೆದು ವಾಟ್ಸಪ್ ಸ್ಟೇಟಸ್ಸಿಗೆ ಹಾಕಿದೆವು. ನಮಗೆ ಅದು ಒಳ್ಳೆಯ ಪ್ರಚಾರವಾಗಿತ್ತು.

ನಾಯಕಿ ಆಡುವವಳು ನಲವತ್ತು ದಾಟಿದ ಕಲಾವಿದೆ. ಬಣ್ಣ ಹಚ್ಚಿದರೆ ಇಪ್ಪತ್ತು. ಹರೆಯದಲ್ಲಿ ನಾಟಕ ಸೇರಿದಳೆಂದು ಅವಳ ತವರಿನವರು ಬಾಗಿಲು ಹಾಕಿದ್ದರು, ಮತ್ತೆ ತೆಗೆಯಲಿಲ್ಲ. ನಾಗರ ಪಂಚಮಿಗೆ ಗೋಕಾಕದ ಬಸ್ ಸ್ಟ್ಯಾಂಡ್ ತವರಿಗೆ ಹೊರಟ ಹೆಣ್ಣುಮಕ್ಕಳಿಂದ ತುಂಬಿ ತುಳುಕುವಾಗ ಆಕೆ ಮಾತ್ರ ಊರಲ್ಲೇ ಇರುತ್ತಿದ್ದಳು. ಪಂಚಮಿಯ ಪ್ರಯೋಗಕ್ಕೆ ನಾನು ಆಕೆಯನ್ನು ಕೇಳದೇ ತಾರೀಖು ಕೊಡುತ್ತಿದ್ದೆ. ಒಮ್ಮೆ ಚಹಾ ಕುಡಿಯುತ್ತ ಆಕೆ, ಆ ನಾಲ್ಕು ದಿನ ತನಗೆ ಬಸ್ಸಿನ ಬೋರ್ಡು ಓದಲೂ ಮನಸ್ಸಾಗುವುದಿಲ್ಲ ಎಂದಳು. ನಾನು ಅಯ್ಯೋ ಪಾಪ ಎಂದೆ. ಮನೆಗೆ ಬಂದವನೇ ಅದನ್ನು ಹಾಡು ಮಾಡಿದೆ.

ಎರಡನೇ ಭಾಗ ಹುಟ್ಟಿದ್ದೇ ಆ ಹಾಡಿಗಾಗಿ. ಗಂಡ ಹೆಂಡತಿಯನ್ನು ಮನೆಯಿಂದ ಹೊರಗೆ ಹಾಕುತ್ತಾನೆ, ಪುಣೆಗೆ ಹೋಗಿ ಇನ್ನೊಂದು ಮದುವೆಯಾಗುತ್ತಾನೆ, ಆಕೆ ಬಸ್ ಸ್ಟ್ಯಾಂಡಿನಲ್ಲಿ ಒಬ್ಬಳೇ ನಿಂತು ಹಾಡುತ್ತಾಳೆ: ‘ಯಾವ ಊರಿನ ಬಸ್ಸು ಹತ್ತಲಿ ನಾನು, ಯಾವ ಹೊಸ್ತಿಲು ನನ್ನದು?’ ನಾನು ಬರೆದದ್ದರಲ್ಲಿ ಇದೊಂದೇ ನಿಜವಾದ ಹಾಡು. ಒಂದು ಸಲ, ಒಂದೇ ಒಂದು ಸಲ, ಜನ ಇದನ್ನು ಉಸಿರು ಹಿಡಿದು ಕೇಳಬೇಕು ಎಂಬುದು ನನ್ನ ಆಸೆ. ಅದರ ಮುಂದೆ ನನಗೆ ಬೇರೇನೂ ಕಾಣುತ್ತಿರಲಿಲ್ಲ.

ಮೊದಲ ಪ್ರಯೋಗ ಕೌಜಲಗಿಯಲ್ಲೇ, ಕಬ್ಬಿನ ಹಂಗಾಮು ಮುಗಿದ ಮೇಲೆ, ಒಂದು ಸಂಜೆ ಇಟ್ಟೆವು. ಗಂಡನ ಪಾತ್ರ ಮಾಡುವವನು ಊರಿನ ಒಬ್ಬ ಬಸ್ ಕಂಡಕ್ಟರ್, ಮೊದಲ ಭಾಗದ ವರನೂ ಅವನೇ. ಇಪ್ಪತ್ತನೇ ನಿಮಿಷಕ್ಕೆ ಅವನು ಹೆಂಡತಿಯ ಚೀಲ ಎಸೆದು, ಹೊರಗೆ ನಡಿ ಎಂದ. ಮುಂದಿನ ಸಾಲಿನಿಂದ ಅದೇ ರುಮಾಲಿನ ಹಿರಿಯರು ಎದ್ದರು. ಕೂಗಾಡಲಿಲ್ಲ. ಚಪ್ಪಲಿ ಬಿಟ್ಟು ಸ್ಟೇಜ್ ಹತ್ತಿ, ನಮ್ಮ ಮಂಚದ ಮೇಲೆ ಕೂತು, ಕುಡಿಯಲು ನೀರು ಕೇಳಿದರು. ಅತ್ತೆಯ ಪಾತ್ರ ಮಾಡುವವನು ಒಬ್ಬ ಟೇಲರ್. ಅವನು ಗಾಬರಿಯಲ್ಲಿ ತಲೆಯ ಮೇಲೆ ಸೆರಗು ಹೊದ್ದು ತಂಬಿಗೆ ತಂದುಕೊಟ್ಟ. ಹಿರಿಯರು ಅವನನ್ನು ಬೀಗತಿ ಎಂದು ಕರೆದು, ಮನೆಯಲ್ಲಿ ಎಲ್ಲರೂ ಆರಾಮ ಇದ್ದಾರೆಯೇ ಎಂದು ವಿಚಾರಿಸಿದರು. ಆಮೇಲೆ ಅಳಿಯನ ಕಡೆ ತಿರುಗಿ, ನಮ್ಮ ಹುಡುಗಿ ಏನು ತಪ್ಪು ಮಾಡಿದ್ದಾಳೆ ಎಂದು ಕೇಳಿದರು. ಕಂಡಕ್ಟರನಿಗೆ ಅಂಥ ಡೈಲಾಗು ಬರೆದುಕೊಟ್ಟಿರಲಿಲ್ಲ. ಅವನು ನೇರವಾಗಿ ನನ್ನತ್ತ ಕೈ ತೋರಿಸಿದ.

ನಾನು ಹಾರ್ಮೋನಿಯಂ ಬಿಟ್ಟು ಎದ್ದು ನಿಂತೆ.

“ಕಥಿ ಮುಂದ ಹೋಗಬೇಕಲ್ರಿ,” ಎಂದೆ.

“ಕಥಿ ಹೋಗ್ಲಿ ಮಾಸ್ತರ, ಹುಡುಗಿ ಯಾಕ ಹೋಗಬೇಕು?”

ಮೂವತ್ತು ವರ್ಷ ಪಾಠ ಮಾಡಿದ ನಾನು ಉತ್ತರಕ್ಕಾಗಿ ನಾಟಕದ ವಹಿಯ ಹಾಳೆ ತಿರುವತೊಡಗಿದೆ. ಅಷ್ಟರಲ್ಲಿ ಇನ್ನೂ ಐದಾರು ಮಂದಿ ಮೇಲೆ ಬಂದು ಗುಂಪಾಗಿ ಕೂತರು. ಎಲೆ ಅಡಿಕೆ ತಟ್ಟೆ ಬಂತು. ಕಂಡಕ್ಟರ್ ಇನ್ನು ಮುಂದೆ ಹೀಗೆ ಮಾಡುವುದಿಲ್ಲ ಎಂದು ಒಪ್ಪಿಕೊಂಡ, ಟೇಲರನೂ ಒಪ್ಪಿಕೊಂಡ, ಗಂಡ ಹೆಂಡತಿಯನ್ನು ಅಕ್ಕಪಕ್ಕ ಕೂರಿಸಿದರು. ನಲವತ್ತು ನಿಮಿಷದಲ್ಲಿ ನಾಟಕ ಮುಗಿದೇ ಹೋಯಿತು. ಮೊದಲ ಭಾಗದ ಮದುವೆಯ ಹಾಡನ್ನು ಎರಡು ಸಲ ಹಾಡಿಸಿದ ಮೇಲೆ, ಎರಡನೇ ಭಾಗ ಛಲೋ ಇದೆ, ಸ್ವಲ್ಪ ಸಣ್ಣದಾಯಿತು ಎಂದು ಹೇಳಿ ಎದ್ದರು. ಹೋಗುವಾಗ ಹಿರಿಯರ ಹೆಂಡತಿ ನಾಯಕಿಯ ಮೊಬೈಲ್ ನಂಬರು ಬರೆಸಿಕೊಂಡಳು. ನಾನು ಸಿಟ್ಟಿನಲ್ಲಿ ಅದನ್ನು ಅಷ್ಟಾಗಿ ಗಮನಿಸಲಿಲ್ಲ.

ಕಂಡಕ್ಟರನ ಕಷ್ಟ ಮರುದಿನದಿಂದ ಶುರುವಾಯಿತು. ಟಿಕೆಟ್ ಎಂದರೆ ಸಾಕು, ಹೆಂಡತಿಯ ಹತ್ತಿರ ನೆಟ್ಟಗೆ ಮಾತಾಡುತ್ತಿದ್ದೀಯೋ ಇಲ್ಲವೋ ಎಂದು ಬಸ್ಸಿನ ತುಂಬ ವಿಚಾರಣೆ. ಒಂದು ದಿನ ಅವನ ಸ್ವಂತ ಹೆಂಡತಿ ಬಸ್ಸಿನಲ್ಲಿ ಕೂತಿದ್ದಳು. ಅವಳೊಡನೆ ಅವನು ನಗುತ್ತ ಮಾತಾಡಿದ್ದನ್ನು ಕಂಡ ಒಬ್ಬ ಮುದುಕಿ, ಇನ್ನೊಬ್ಬಳ ಸಂಸಾರ ಕೆಡಿಸಬೇಡ ಎಂದು ಆ ತಾಯಿಗೇ ಬುದ್ಧಿ ಹೇಳಿದಳು. ಮದುವೆಯಾಗಿ ಹನ್ನೆರಡು ವರ್ಷ, ಇಬ್ಬರು ಮಕ್ಕಳು. ಅವನು ಬಂದು ನನ್ನ ಮುಂದೆ ಅಳುವುದೊಂದು ಬಾಕಿ.

ನಾನು ಜಗ್ಗಲಿಲ್ಲ. ಮೂಡಲಗಿಯ ಪ್ರಯೋಗದ ಮೊದಲು ಮೈಕಿನಲ್ಲಿ, ಇದು ನಾಟಕ, ಯಾರೂ ಸ್ಟೇಜ್ ಹತ್ತಬಾರದು ಎಂದು ಮೂರು ಸಲ ಹೇಳಿಸಿದೆ. ಜನ ಮರ್ಯಾದಸ್ಥರು, ಯಾರೂ ಹತ್ತಲಿಲ್ಲ. ಗಂಡ ಪುಣೆಗೆ ಹೊರಟ, ನಾಲ್ಕು ಮಂದಿ ಅವನನ್ನು ಪರದೆಯ ಹಿಂದೆ ಹಿಡಿದರು. ಪಕ್ಕದ ಖಾನಾವಳಿಗೆ ಕರೆದೊಯ್ದು, ಪ್ರೀತಿಯಿಂದ ಮಿರ್ಚಿ ಭಜಿ ತಿನ್ನಿಸುತ್ತ, ಪುಣೆಗೆ ಹೋಗುವುದಿಲ್ಲ ಎನ್ನುವವರೆಗೆ ಏಳಗೊಡಲಿಲ್ಲ. ಇತ್ತ ಎರಡನೇ ಹೆಂಡತಿಯಾಗಬೇಕಾದವಳು ಹಾರ ಹಿಡಿದು ನಿಂತೇ ಇದ್ದಾಳೆ. ನಾನು ಮಂಗಳವಾದ್ಯ ಬಾರಿಸಿದ್ದೇ ಬಾರಿಸಿದ್ದು, ಬೆರಳು ಸೋತುಹೋದವು. ಕಡೆಗೆ ಆ ಪುಣ್ಯಾತಗಿತ್ತಿ ಹಾರ ಕೆಳಗಿಟ್ಟು, ತನಗೆ ಈ ಮದುವೆಯೇ ಬೇಡ ಎಂದುಬಿಟ್ಟಳು. ಅಷ್ಟು ಚಪ್ಪಾಳೆ ನನ್ನ ಯಾವ ಸಾಲಿಗೂ ಬಿದ್ದಿಲ್ಲ.

ಹೀಗಾಗಿ ಮೂರನೇ ಪ್ರಯೋಗವನ್ನು ಹುಕ್ಕೇರಿಯಲ್ಲಿ ಇಟ್ಟೆ. ಕೌಜಲಗಿಯಿಂದ ದೂರ, ನಾಲ್ಕು ಗೋಡೆಯ ಸಭಾಭವನ, ಪಾಸು ಇದ್ದವರಿಗೆ ಮಾತ್ರ ಒಳಗೆ ಪ್ರವೇಶ. ಗಂಡನ ಕೆಲಸ ಮುಗಿದೊಡನೆ ಅವನನ್ನು ಬಣ್ಣದ ಕೋಣೆಯಲ್ಲಿ ಹಾಕಿ ಕೀಲಿ ಜಡಿದು, ಕೀಲಿಕೈ ನನ್ನ ಕಿಸೆಯಲ್ಲಿಟ್ಟುಕೊಂಡೆ. ಕಲಾವಿದರ ಮನೆಯವರಿಗೆಂದು ತೆಗೆದಿಟ್ಟ ಪಾಸುಗಳಲ್ಲಿ ನಾಯಕಿ ಹನ್ನೊಂದು ಕೇಳಿ ತೆಗೆದುಕೊಂಡಿದ್ದಳು. ಇಷ್ಟು ವರ್ಷ ಒಂದನ್ನೂ ಮುಟ್ಟಿದವಳಲ್ಲ. ಯಾರಿಗೆ ಎಂದು ಕೇಳಲು ನನಗೆ ಪುರುಸೊತ್ತಿರಲಿಲ್ಲ.

ನಾಟಕ ನೀರು ಹರಿದ ಹಾಗೆ ಹೋಯಿತು. ಚೀಲ ಎಸೆದಾಗ ಜನ ಲೊಚಗುಟ್ಟಿದರು, ಪುಣೆಯ ಮದುವೆಯಲ್ಲಿ ಮೂಗೊರೆಸಿಕೊಂಡರು, ಯಾರೂ ಏಳಲಿಲ್ಲ. ಕೊನೆಯ ದೃಶ್ಯ ಬಂತು. ಖಾಲಿ ಬಸ್ ಸ್ಟ್ಯಾಂಡ್, ಕೈಯಲ್ಲಿ ಚೀಲ, ಆಕೆ ಒಬ್ಬಳೇ. ಶ್ರುತಿ ಹಿಡಿದೆ. ಆಕೆ ಮೊದಲ ಸಾಲು ಎತ್ತಿದಳು.

‘ಯಾವ ಊರಿನ ಬಸ್ಸು ಹತ್ತಲಿ ನಾನು...’

“ಕೌಜಲಗಿ ಬಸ್ ಹತ್ತವಾ,” ಎಂದಿತು ಹಿಂದಿನ ಸಾಲಿನಿಂದ ಒಂದು ಹೆಣ್ಣು ದನಿ. “ಸುಮ್ಮನ ಬಾ. ನಾವು ಇಲ್ಲೇ ಅದೀವಿ.”

ಅದು ಹಿರಿಯರ ಹೆಂಡತಿ, ಅವತ್ತು ನಂಬರು ಬರೆಸಿಕೊಂಡವಳು. ಪಕ್ಕದಲ್ಲಿ ರುಮಾಲಿನ ಹಿರಿಯರು, ಮತ್ತೆ ಒಂಬತ್ತು ಮಂದಿ, ತೊಡೆಯ ಮೇಲೆ ಬುತ್ತಿಯ ಗಂಟು. ಹನ್ನೊಂದು ಪಾಸು ಎಲ್ಲಿ ಹೋದವೆಂದು ಆಗ ತಿಳಿಯಿತು. ಸಭೆ ಒಮ್ಮೆ ಗೊಳ್ಳೆಂದು ನಕ್ಕಿತು. ನಾನು ಶ್ರುತಿ ಬಿಡಲಿಲ್ಲ. ಇನ್ನೊಂದು ಸಾಲು, ಹಾಡಮ್ಮ, ಹೊಸ್ತಿಲಿನ ಸಾಲು ಒಂದನ್ನಾದರೂ ಹಾಡು ಎಂದು ಮನಸ್ಸಿನಲ್ಲೇ ಬೇಡಿಕೊಳ್ಳುತ್ತ ಹಾರ್ಮೋನಿಯಂ ತಿದಿ ಒತ್ತಿದೆ. ಆಕೆ ನನ್ನ ಕಡೆ ಬಾಗಿ, ಮೈಕಿಗೆ ಕೇಳಿಸದ ಹಾಗೆ ಹೇಳಿದಳು.

“ತಪ್ಪ ತಿಳ್ಕೋಬ್ಯಾಡ್ರಿ ಮಾಸ್ತರ. ಇದು ಈಗ ನನಗ ಹಾಡಾಕ ಬರೂದಿಲ್ರಿ.”

ಚೀಲ ಹಿಡಿದುಕೊಂಡೇ ಸ್ಟೇಜಿನ ಮುಂದಿನ ಮೆಟ್ಟಿಲು ಇಳಿದು ಹೋದಳು. ಚೀಲದೊಳಗೆ ಹಳೆಯ ಪೇಪರು ತುಂಬಿದ್ದೆವು. ಕಂಡಕ್ಟರ್ ಒಳಗಿನಿಂದ ಬಾಗಿಲು ಬಡಿಯುತ್ತಿದ್ದ. ನನಗೆ ಎಷ್ಟು ಸಿಟ್ಟು ಬಂದಿತ್ತೆಂದರೆ ಕೀಲಿಕೈ ಯಾವ ಕಿಸೆಯಲ್ಲಿದೆ ಎಂಬುದೇ ಮರೆತುಹೋಗಿತ್ತು.

ಆ ಸಿಟ್ಟು ಎರಡು ತಿಂಗಳು ಇಳಿಯಲಿಲ್ಲ. ಒಂದು ಹಾಡು ಬರೆದೆ, ಅದನ್ನೂ ಸುಳ್ಳು ಮಾಡಿಬಿಟ್ಟರಲ್ಲ ಎಂದು ಮನೆಯಲ್ಲಿ ಎಲ್ಲರ ಮೇಲೆ ಹರಿಹಾಯುತ್ತಿದ್ದೆ. ಅಷ್ಟರಲ್ಲಿ ಬೆಲ್ಲದ ಬಾಗೇವಾಡಿಯವರು ಪಂಚಮಿಗೆ ಮೊದಲ ಭಾಗ ಆಡಿಸಲು ಕೇಳಿದರು. ಎಂದಿನಂತೆ ಆಕೆಯನ್ನು ಕೇಳದೇ ಹೂಂ ಎಂದೆ. ತಾಲೀಮಿಗೆ ಕರೆಯಲು ಹೋದರೆ ಆಕೆಯ ಮನೆಗೆ ಕೀಲಿ. ಫೋನು ಎತ್ತಲಿಲ್ಲ. ಬಾಜೂ ಮನೆಯಾಕೆ, ಅಣ್ಣ ಬಂದು ಕರಕೊಂಡು ಹೋದ ಎಂದಳು. ಯಾವ ಅಣ್ಣ ಎಂದು ಕೇಳಿದೆ. ರುಮಾಲಿನವರ ಮಗನಂತೆ, ಕೌಜಲಗಿಯವನಂತೆ. ಜೋಕಾಲಿ ಕಟ್ಟುವ ಹೊತ್ತಿಗೆ ಮುಟ್ಟಬೇಕೆಂದು ಮುಂಜಾನೆಯೇ ಹೊರಟರಂತೆ.

ಕೀಲಿಯ ಮುಂದೆ ನಿಂತೇ ಬಾಗೇವಾಡಿಗೆ ಫೋನು ಹಚ್ಚಿದೆ. ಪ್ರಯೋಗ ಆಗುವುದಿಲ್ಲ ಎಂದೆ. ಬೋರ್ಡು ಬರೆಸಿಯಾಗಿದೆ, ಊರಿಗೆಲ್ಲ ಹೇಳಿಯಾಗಿದೆ ಎಂದು ಅವರು ರೇಗಿದರು. ಕಾರಣ ಕೇಳಿದರು. ಅದನ್ನು ನನ್ನ ಬಾಯಿಂದಲೇ ಹೇಳಬೇಕಾಯಿತು.

“ನಮ್ಮ ನಾಯಕಿ ತವರಮನಿಗೆ ಹೋಗ್ಯಾಳ್ರಿ.”

ಆ ಕಡೆಯವರ ದನಿ ಕೂಡಲೇ ಮೆತ್ತಗಾಯಿತು.

“ಹೌದೇನ್ರಿ? ಹಂಗಿದ್ರ ಬಿಡ್ರಿ ಮಾಸ್ತರ,” ಎಂದರು. “ಪಂಚಮಿ ಮುಗಿಸ್ಕೊಂಡ ಬರ್ಲಿ.”