ಮೇಜಿನ ಮೇಲಿದ್ದದ್ದು

ಕಂಪ್ಯೂಟರ್ ರಿಪೇರಿ ಅಂಗಡಿಯವಳಿಗೆ ಕೆಟ್ಟ ಕಂಪ್ಯೂಟರುಗಳ ಮೇಲೆ ಸಿಟ್ಟಿರಲಿಲ್ಲ. ಅವನ್ನು ಹೊತ್ತು ತರುವವರಿಗೆ ವಿವರಿಸುವುದೇ ತಲೆನೋವು. ಹದಿನೆಂಟು ವರ್ಷ ಅದೇ ಪ್ರಶ್ನೆ, ಅದೇ ಉತ್ತರ. ಕೊನೆಗೆ ರೋಸಿಹೋಗಿ ಗೋಡೆಗೆ ಒಂದು ಹಾಳೆ ಅಂಟಿಸಿದ್ದಳು. ಹಾರ್ಡ್ ಡಿಸ್ಕ್ ಎಂದರೆ ಬೀರು. ರ‍್ಯಾಮ್ ಎಂದರೆ ಕೆಲಸಕ್ಕೆಂದು ಬೀರುವಿನಿಂದ ತೆಗೆದು ಹರಡಿಕೊಂಡದ್ದು, ಕರೆಂಟು ಹೋದರೆ ಅದೂ ಹೋಯಿತು. ಡೆಸ್ಕ್‌ಟಾಪ್ ಎಂದರೆ ಮೇಜು. ಬ್ಯಾಕಪ್ ಎಂದರೆ ಇನ್ನೊಂದು ಪ್ರತಿ, ಬೇರೆ ಜಾಗದಲ್ಲಿ. ಯಾರಾದರೂ ಬಾಯಿ ತೆರೆದರೆ ಸಾಕು, ಸ್ಕ್ರೂಡ್ರೈವರಿನಿಂದ ಆ ಹಾಳೆ ತೋರಿಸಿಬಿಡುವಳು.

ಅದನ್ನು ಮನಸ್ಸಿಟ್ಟು ಓದಿದವರು ಅವಳ ಸೋದರಮಾವ ಒಬ್ಬರೇ. ಪಕ್ಕದ ಬೀದಿಯಲ್ಲಿ ಬೂಟು ಹೊಲಿಯುವವರು, ಅದರಲ್ಲೂ ಒಂದು ಕಾಲು ಗಿಡ್ಡವಿದ್ದವರಿಗೆ, ಪಾದ ಸೊಟ್ಟಗಿದ್ದವರಿಗೆ. ಗಿರಾಕಿಯ ಪಾದವನ್ನು ಕಾಗದದ ಮೇಲಿಡಿಸಿ, ಸುತ್ತ ಪೆನ್ಸಿಲ್ ಎಳೆದು ತೆಗೆದ ಮುನ್ನೂರು ಅಳತೆಗಳಿದ್ದವು. ಈಗ ಮಾವನಿಗೆ ಮಂಡಿ ಬಗ್ಗದು, ಹೊಸದಾಗಿ ತೆಗೆಯಲಾಗದು. ಆ ಅಳತೆಗಳಿದ್ದರೆ ಅಂಗಡಿ, ಇಲ್ಲದಿದ್ದರೆ ಇಲ್ಲ. "ಈ ಕಾಲದಲ್ಲಿ ಕಾಗದ ಯಾಕೆ ಮಾವ" ಎಂದು ಅವಳೇ ಎಲ್ಲವನ್ನೂ ಸ್ಕ್ಯಾನ್ ಮಾಡಿ ಅವರ ಕಂಪ್ಯೂಟರಿಗೆ ಹಾಕಿ, ಗೆದ್ದಲು ಹಿಡಿದ ಕಟ್ಟನ್ನು ಬಿಸಾಡಿಸಿದ್ದಳು.

ಮಾವನ ಕಂಪ್ಯೂಟರ್ ತೆವಳತೊಡಗಿದಾಗ, ಎಲ್ಲ ಅಳಿಸಿ ಹೊಸದಾಗಿ ಸಾಫ್ಟ್‌ವೇರ್ ಹಾಕಬೇಕಾಯಿತು.

"ಬ್ಯಾಕಪ್ ತಗೊಂಡ್ರಾ?"

"ತಗೊಂಡೆ ಕಣಮ್ಮ. ಪೆನ್‌ಡ್ರೈವಿಂದಾನೇ ತೆಗ್ದು ನೋಡ್ದೆ, ಎಲ್ಲಾ ಪಾದಾನೂ ಕಾಣ್ತು."

ಅಂಗಡಿಯಲ್ಲಿ ಐದು ಜನ ಕಾಯುತ್ತಿದ್ದರು. ತಾನೂ ಒಮ್ಮೆ ತೆರೆದು ನೋಡಲು ಅವಳಿಗೆ ಪುರುಸೊತ್ತಿರಲಿಲ್ಲ. ಅಳಿಸಿದಳು.

ಮರುದಿನ ಪೆನ್‌ಡ್ರೈವ್ ಹಾಕಿದರೆ ಒಂದು ಪಾದವೂ ಇಲ್ಲ. ಮೂಲೆಯಲ್ಲಿ ಬಾಣದ ಗುರುತಿದ್ದ ಪುಟ್ಟ ಚಿತ್ರವೊಂದು ಮಾತ್ರ ಕೂತಿತ್ತು.

"ಮಾವ, ಇದು ಶಾರ್ಟ್‌ಕಟ್. ಫೋಲ್ಡರ್ ಎಲ್ಲಿದೆ ಅಂತ ತೋರ್ಸೋ ಚೀಟಿ ಅಷ್ಟೆ. ನಿಮ್ಮಂಗಡೀಲಿ ತೆರೀತು, ಯಾಕಂದ್ರೆ ಫೋಲ್ಡರ್ ಅದೇ ಕಂಪ್ಯೂಟರಲ್ಲಿತ್ತು. ಈಗ ಚೀಟಿ ಇದೆ, ಬೀರು ಖಾಲಿ. ಇನ್ನೆಷ್ಟು ಸಲ ಬಡ್ಕೊಳ್ಲಿ ನಾನು?"

ಮಾವ ಗೋಡೆಯತ್ತ ನೋಡಿದರು. "ಡೆಸ್ಕ್‌ಟಾಪ್ ಅಂದ್ರೆ ಮೇಜು ಅಂತ ನೀನೇ ಬರ್ದಿದ್ಯಲ್ಲಮ್ಮ. ಮೇಜಿನ ಮೇಲಿದ್ದದ್ದನ್ನ ಎತ್ತಿ ಚೀಲಕ್ಕೆ ಹಾಕ್ಕೊಂಡೆ. ಚೀಟಿ ವಿಷಯ ಅಲ್ಲೆಲ್ಲಿದೆ?"

ಇರಲಿಲ್ಲ. ಆ ಶಾರ್ಟ್‌ಕಟ್ಟನ್ನು ಡೆಸ್ಕ್‌ಟಾಪಿನ ಮೇಲಿಟ್ಟವಳೂ ಅವಳೇ, ಮಾವನಿಗೆ ಸುಲಭವಾಗಲೆಂದು. ತನ್ನ ಮೇಲೆಯೇ ಅವಳಿಗೆ ಮೈಯೆಲ್ಲ ಉರಿಯಿತು. ಎರಡು ದಿನ ಬಾಗಿಲು ಹಾಕಿಕೊಂಡು, ಅಳಿಸಿದ್ದನ್ನು ಹೆಕ್ಕುವ ಸಾಫ್ಟ್‌ವೇರ್ ಓಡಿಸಿದಳು. ಸಿಕ್ಕಿದ್ದು ಮೂವತ್ತು ಪಾದ, ಅದರಲ್ಲೂ ಅರ್ಧಕ್ಕೆ ಹಿಮ್ಮಡಿಯೇ ಇಲ್ಲ.

ಮೂರನೆಯ ದಿನ ಖಾಲಿ ಕಾಗದದ ಕಟ್ಟು ಹಿಡಿದು ಮಾವನ ಅಂಗಡಿಗೆ ಹೋದಳು. ಅವರು ಹಳೆಯ ಗಿರಾಕಿಗಳಿಗೆ ಫೋನ್ ಮಾಡಿ ಕರೆಸುತ್ತಿದ್ದರು. ಅವಳು ನೆಲಕ್ಕೆ ಮಂಡಿಯೂರಿ, ಮೊದಲು ಬಂದ ಅಜ್ಜಿಯ ಪಾದದ ಸುತ್ತ ಪೆನ್ಸಿಲ್ ಎಳೆದಳು.

"ಪೆನ್ಸಿಲ್ ನೆಟ್ಟಗಿರ್ಲಿ ಕಣಮ್ಮ. ಓರೆ ಆದ್ರೆ ಗೆರೆ ಪಾದದಡಿಗೆ ಹೋಗುತ್ತೆ, ಬೂಟು ಬಿಗಿ ಆಗುತ್ತೆ."

ಮತ್ತೆ ಓರೆಯಾಯಿತು. ಮಾವ ಇನ್ನೊಂದು ಹಾಳೆ ಕೊಟ್ಟು ಅದೇ ಮಾತನ್ನು ಮೊದಲಿಂದ ಹೇಳಿದರು. ಏಳನೆಯ ಹಾಳೆಗೂ ಅವರ ದನಿ ಏರಲಿಲ್ಲ. ತಲೆ ಎತ್ತಿ ಅವರ ಮುಖ ನೋಡಲು ಅವಳಿಂದಾಗಲಿಲ್ಲ.