ಬೆನ್ನಿನ ನೀರಿನಲ್ಲಿದ್ದ ವಿಷ

ನಮ್ಮತ್ತೆಯ ಪ್ರಕಾರ ಪಾವಗಡದ ಕಡೆಯ ಹೆಂಗಸರಿಗೆಲ್ಲ ಮದ್ದು ಹಾಕಲು ಬರುತ್ತದೆ. ಅಂದರೆ ಊಟದಲ್ಲಿ ಗುಟ್ಟಾಗಿ ಏನೋ ಬೆರೆಸಿ ತಿನ್ನಿಸುವುದು, ತಿಂದವರು ದಿನೇ ದಿನೇ ಸೊರಗುವುದು. ನಾನು ಪಾವಗಡದವಳು. ಬಡವನಹಳ್ಳಿಯ ಈ ಮನೆಗೆ ಹಿರಿಸೊಸೆಯಾಗಿ ಬಂದು ತಲೆ ನರೆಯುತ್ತ ಬಂದರೂ, ನಾನು ಬಡಿಸಿದ್ದನ್ನು ಅತ್ತೆ ಮೂಸಿ ನೋಡಿಯೇ ಉಣ್ಣುವುದು.

ಮೈದುನನ ಪುಟ್ಟ ಮಗಳು ಮಾತ್ರ ನನ್ನ ಕೈತುತ್ತಿಲ್ಲದೆ ಉಣ್ಣುತ್ತಿರಲಿಲ್ಲ. ಆ ಮಗುವಿಗೆ ಬಂದ ಜ್ವರ ಬಿಡಲೇ ಇಲ್ಲ. ವಾಂತಿಯಾಯಿತು, ಕತ್ತು ಸೆಟೆದುಕೊಂಡಿತು. ಮಧುಗಿರಿಯಲ್ಲಿ ನೋಡಿದವರು ದೊಡ್ಡಾಸ್ಪತ್ರೆಗೆ ಕಳಿಸಿದರು. ಮಿದುಳಿನ ಪೊರೆಗೆ ಟಿ.ಬಿ. ತಗುಲಿರಬಹುದು, ಬೆನ್ನಿನಿಂದ ನೀರು ತೆಗೆದು ನೋಡಬೇಕು ಎಂದರು ಅಲ್ಲಿನ ಡಾಕ್ಟರಮ್ಮ. ಜೊತೆಗೆ ಇನ್ನೊಂದು ಮಾತು ಕೇಳಿದರು.

"ಆ ನೀರಲ್ಲಿ ಸ್ವಲ್ಪ ನಾವು ಸಂಶೋಧನೆಗೆ ಇಟ್ಕೊಳ್ತೀವಿ. ನರಕ್ಕೆ ವಿಷ ಆಗೋ ವಸ್ತು ಒಂದಿದೆ. ಈ ಕಾಯಿಲೆ ಇರೋ ಮಕ್ಕಳಲ್ಲಿ ಅದು ಎಷ್ಟಿರುತ್ತೆ ಅಂತ ಅಳೀತಿದ್ದೀವಿ. ಒಪ್ಪಿಗೆನಾ?"

ಅತ್ತೆಗೆ ಕೇಳಿಸಿದ್ದು ಒಂದೇ ಪದ.

"ಇಸ ಸಿಕ್ರೆ, ಯಾರು ಹಾಕಿದ್ದು ಅಂತ್ಲೂ ಗೊತ್ತಾಯ್ತದಾ ತಾಯಿ?"

ಕೇಳಿದ್ದು ಡಾಕ್ಟರನ್ನು, ನೋಡಿದ್ದು ನನ್ನನ್ನು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನ ಕೈ ಹೆಗಲಿಗೆ ಹೋಗದಿರಲೆಂದು ಕೈ ಕಟ್ಟಿಕೊಂಡು ನಿಂತೆ. ಮಗುವಿನ ತಾಯಿಯಾದರೂ ಅತ್ತೆಯ ಬಾಯಿ ಮುಚ್ಚಿಸುತ್ತಾಳೆಂದು ಕಾದೆ. ಅವಳು ನೆಲ ನೋಡುತ್ತ, "ಜ್ವರಕ್ಕೆ ಮುಂಚೆ ಪಾಯ್ಸ ತಿನ್ಸಿದ್ರಲ್ಲಕ್ಕಾ, ಅದ್ಕೆ ಏನೇನ್ ಹಾಕಿದ್ರಿ?" ಎಂದಳು.

"ನೀನೂ ಎರಡು ಲೋಟ ಕುಡಿದ್ಯಲ್ಲೇ!" ಎಂದೆ.

"ಯಾರೂ ಹಾಕಿದ್ದಲ್ಲಮ್ಮ," ಎಂದರು ಡಾಕ್ಟರಮ್ಮ. "ಕಾಯಿಲೆ ಜೊತೆ ಗುದ್ದಾಡುವಾಗ ಮೈಯೇ ಮಾಡ್ಕೊಳ್ಳೋದು."

ಮೈದುನ ಸಹಿ ಹಾಕಿದ. ಅತ್ತೆ ತಲೆಯಾಡಿಸಿದರು, ನಂಬಲಿಲ್ಲ. ಅಂದಿನಿಂದ ಮಗುವಿನ ಮಂಚದ ಹತ್ತಿರ ನನಗೆ ಜಾಗವಿರಲಿಲ್ಲ. ವರಾಂಡದಲ್ಲಿ ಕೂತು ಕೂತು ಒಂದು ಮಧ್ಯಾಹ್ನ ನನಗೇ ಅನುಮಾನ ಬಂತು: ಪಾಯಸಕ್ಕೆ ಹಾಕಿದ ಬೆಲ್ಲದಲ್ಲಿ ಏನಾದರೂ ಇತ್ತೇ? ಹಾಗೆ ಯೋಚಿಸಿದ್ದಕ್ಕೆ ಅತ್ತೆಯ ಮೇಲೆ ಇನ್ನೂ ಸಿಟ್ಟು ಬಂತು.

ಕಾಯಿಲೆ ಟಿ.ಬಿ.ಯೇ ಎಂದು ಗೊತ್ತಾಯಿತು. ಔಷಧಿ ಹಿಡಿಯಿತು. ಮನೆಗೆ ಬಂದ ಮಗು ಯಾರ ಕೈಯಲ್ಲೂ ಉಣ್ಣದೆ ದೊಡ್ಡಮ್ಮನೇ ಬೇಕೆಂದು ಹಟ ಹಿಡಿಯಿತು. ವಿಧಿಯಿಲ್ಲದೆ ತಟ್ಟೆ ನನ್ನ ಕೈಗೆ ಬಂತು.

"ಮೊದ್ಲು ನೀನೊಂದು ತುತ್ತು ತಿನ್ನು," ಎಂದರು ಅತ್ತೆ.

ಮಗುವಿನ ಹೊಟ್ಟೆಗೆ ಸೇರಲಿ ಎಂದು ತಿಂದೆ. ಈಗಲೂ ಅದೇ ನಡೆದುಕೊಂಡು ಬಂದಿದೆ.

ಮೊನ್ನೆ ಮಗು ಜಗಲಿಯ ಮೇಲೆ ತನ್ನ ಗೊಂಬೆಗೆ ಊಟ ಮಾಡಿಸುತ್ತಿತ್ತು. ಮೊದಲು ತಾನೊಂದು ತುತ್ತು ತಿಂದು, ಬಾಯಿ ಅಗಲಿಸಿ ಗೊಂಬೆಗೆ ತೋರಿಸಿ, "ನೋಡೇ, ನಾನೇನೂ ಹಾಕಿಲ್ಲ ಕಣೇ," ಎಂದಿತು.